ಒಂದು ಸೈಜು ದೊಡ್ಡ ಬ್ಯಾಲೆ ಶೂ

ನರಸಿಂಹರಾಜಪುರ
20 ಜನವರಿ 2025, ಸೋಮವಾರ

ಮಗಳೇ ದಾಕ್ಷಾಯಿಣಿ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ? ಅಲ್ಲಿ ಗಡಿಯಲ್ಲಿ ಹಗಲು ಬಿಸಿಲು, ರಾತ್ರಿಯಾದರೆ ಮರಳೆಲ್ಲ ಮಂಜುಗಡ್ಡೆ ಎಂದು ನೀನು ಹೇಳುತ್ತಿರುವಾಗಲೇ ಹೋದ ವಾರ ಲೈನು ಕಡಿದುಹೋಯಿತು. ಕೆಮ್ಮು ನಿಂತಿತೋ ಇಲ್ಲವೋ ಕೇಳಲಿಕ್ಕೆ ಆಗಲಿಲ್ಲ. ಅಮ್ಮ ಕಳಿಸಿದ ಕಷಾಯದ ಪುಡಿ ಬಂದು ಮುಟ್ಟಿದ್ದರೆ ಇಡೀ ಕ್ಯಾಂಪಿಗೆ ಹಂಚಬೇಡ, ನಿನ್ನ ಧಾರಾಳತನ ನನಗೆ ಗೊತ್ತು. ಇಲ್ಲಿ ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಹತೋಟಿಯಲ್ಲಿಲ್ಲ. ಶಶಿಕಿರಣ್ ಬೆಳಿಗ್ಗೆ ಮುತ್ತಿನಕೊಪ್ಪದ ಹಿಟ್ಟಿನ ಗಿರಣಿಗೆ ಹೋದರೆ ಮೈತುಂಬ ಹಿಟ್ಟು ಹಚ್ಚಿಕೊಂಡು ಸಂಜೆ ಬರುತ್ತಾನೆ. ಮಗಳು ಕಾವ್ಯಳ ಓದು, ಡ್ಯಾನ್ಸು ಎಲ್ಲ ಮಾವನೇ ನೋಡಿಕೊಳ್ಳುತ್ತಾರೆ ಎಂದು ನನ್ನನ್ನು ನಂಬಿಬಿಟ್ಟಿದ್ದಾನೆ. ಅಷ್ಟು ನಂಬಬಾರದಿತ್ತು. ನನಗೆ ಕಾಯಿಲೆ ಏನಿಲ್ಲ, ದಣಿವು. ಮಲಗಿ ಎದ್ದರೂ ಹೋಗದ ದಣಿವು. ಎಪ್ಪತ್ತೊಂದಾಯಿತಲ್ಲ ಎಂದು ಜನ ಸಮಾಧಾನ ಹೇಳುತ್ತಾರೆ. ವಯಸ್ಸಿನದ್ದಲ್ಲ ಅದು ಎಂದು ಅವರಿಗೆ ಹೇಗೆ ಹೇಳುವುದು?

ಫೋನಿನ ಕಾಲದಲ್ಲಿ ಅಪ್ಪ ಕಾಗದ ಬರೆಯುತ್ತಿದ್ದಾನಲ್ಲ ಎಂದು ಗಾಬರಿ ಬೀಳಬೇಡ. ಫೋನಿನಲ್ಲಿ ನೀನು ಸಿಗುವುದು ಭಾನುವಾರ ಹತ್ತು ನಿಮಿಷ, ಆ ಹತ್ತು ನಿಮಿಷವೂ ಕಾವ್ಯ ನನ್ನ ಮೊಣಕೈಗೆ ಅಂಟಿಕೊಂಡೇ ನಿಂತಿರುತ್ತಾಳೆ. ಅವಳ ಎದುರಿಗೆ ಹೇಳಲಾಗದ ಮಾತು ಇದು. ನವೆಂಬರಿನಲ್ಲಿ ಅವಳು ಮೆಟ್ಟಿಲಲ್ಲಿ ಜಾರಿ ಪಾದ ನೋಯಿಸಿಕೊಂಡಳು ಎಂದು ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಅವಳು ಎಲ್ಲಿಯೂ ಜಾರಲಿಲ್ಲ. ಅವಳ ಪಾದ ಕೆಡಿಸಿದ್ದು ನಾನು. ಅದರಿಂದ ಅವಳ ಬ್ಯಾಲೆ ಕ್ಲಾಸೂ ತಪ್ಪಿತು. ನಡೆದದ್ದನ್ನೆಲ್ಲ ಬರೆಯುತ್ತೇನೆ, ಓದಿ ಆದಮೇಲೆ ಎಷ್ಟು ಬೇಕಾದರೂ ಬಯ್ಯಿ.

ಜಲಂಧರದ ಕ್ವಾರ್ಟರ್ಸಿನಿಂದ ಅವಳನ್ನು ಇಲ್ಲಿ ತಂದುಬಿಟ್ಟಾಗ ನೀನು ಹೇಳಿದ್ದು ಒಂದೇ ಮಾತು, ಅವಳ ಬ್ಯಾಲೆ ನಿಲ್ಲಬಾರದು ಅಪ್ಪಾ ಎಂದು. ಎನ್.ಆರ್. ಪುರದಲ್ಲಿ ಬ್ಯಾಲೆ ಎಲ್ಲಿಂದ ತರಲಿ ಎಂದು ನಾನು ಅಂದುಕೊಳ್ಳುತ್ತಿರುವಾಗ ಕೊಪ್ಪದಲ್ಲಿ ನಯನ ಮೇಡಂ ಸಿಕ್ಕಿದರು. ಕೊಪ್ಪದ ಕಡೆಯ ಹುಡುಗಿಯೇ, ಮುಂಬಯಿಯ ಚಿಕ್ಕಮ್ಮನ ಮನೆಯಲ್ಲಿದ್ದು ಹದಿನಾಲ್ಕು ವರ್ಷ ಕಲಿತವರು. ಹಿಂದೆ ಟೈಪಿಂಗ್ ಕ್ಲಾಸು ನಡೆಯುತ್ತಿದ್ದ ಮಹಡಿಯನ್ನು ಹಿಡಿದು, ನೆಲಕ್ಕೆ ರಬ್ಬರಿನ ಮೇಲೆ ಹಲಗೆ ಹಾಸಿ, ಮುಚ್ಚಿಹೋದ ಒಂದು ಸಲೂನಿನ ಕನ್ನಡಿ ತಂದು ನಿಲ್ಲಿಸಿ ಹತ್ತು ಮಕ್ಕಳಿಗೆ ಕಲಿಸುತ್ತಾರೆ. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ನಮ್ಮ ಮನೆಯಲ್ಲಿ ಮದುವೆ ಹೊರಡುವ ಗಡಿಬಿಡಿ. ನಿನ್ನ ಅಮ್ಮ ಅವಳ ಕೂದಲನ್ನು ಎಳೆದು ಬಾಚಿ ತುರುಬು ಕಟ್ಟಿ, ಬಲೆ ಹಾಕಿ, ಒಂದೆಳೆಯೂ ಹಾರದ ಹಾಗೆ ಪಿನ್ನು ಚುಚ್ಚಬೇಕು. ಇಷ್ಟು ಚೆಂದದ ತುರುಬಿಗೆ ಒಂದು ಮೊಳ ಮಲ್ಲಿಗೆ ಬೇಡವಾ ಎಂದು ಅಮ್ಮನದು ಪ್ರತಿ ವಾರದ ವರಾತ. ಮೆತ್ತನೆಯ ಶೂಗೆ ಎಲಾಸ್ಟಿಕ್ಕನ್ನು ಅಡ್ಡಡ್ಡ ಹೊಲಿಯುವುದೂ ಅವಳೇ. ಕ್ಲಾಸಿಗೆ ಎರಡು ಗಂಟೆ ಮೊದಲು ಹಗುರವಾಗಿ ತಿನ್ನಬೇಕು, ಹೊಟ್ಟೆ ತುಂಬಿರಬಾರದು, ಖಾಲಿಯೂ ಇರಬಾರದು. ಹಾಗಾಗಿ ಒಂದು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ. ಆಮೇಲೆ ತಿರುವುಗಳ ಬಸ್ಸು. ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಾಳೆ, ತುರುಬಿನ ಪಿನ್ನು ನನ್ನ ಕುತ್ತಿಗೆಗೆ ಚುಚ್ಚುತ್ತದೆ, ಎಬ್ಬಿಸಬಾರದೆಂದು ನಾನು ಅಲುಗಾಡದೆ ಕೂತಿರುತ್ತೇನೆ. ಎರಡು ವರ್ಷ ಹೀಗೆ ಹೋಗಿ ಬಂದೆವು, ಮೊದಲು ಯಾವತ್ತೂ ದಣಿವೆನಿಸಿರಲಿಲ್ಲ.

ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಮೇಡಂ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೂವತ್ತಮೂರು ವರ್ಷ ಡ್ರಿಲ್ ಮೇಷ್ಟರಾಗಿದ್ದವನು, ಸುಮ್ಮನೆ ಕೂರಲಿಕ್ಕೆ ಆಗುತ್ತದೆಯೇ? ಮೊದಲ ದಿನವೇ ನನಗೂ ಅವರಿಗೂ ಮನಸ್ಸಿನಲ್ಲೇ ಜಗಳ. ನಾನು ಮಕ್ಕಳಿಗೆ ಎದೆ ಮುಂದೆ, ಹೊಟ್ಟೆ ಒಳಗೆ ಎಂದು ಕಲಿಸಿದವನು. ಅವರು ಪಕ್ಕೆಲುಬು ಮುಂದೆ ತಳ್ಳಬೇಡಿ, ತಲೆಯನ್ನು ಯಾರೋ ದಾರದಿಂದ ಮೇಲೆ ಎತ್ತಿದ ಹಾಗೆ ಉದ್ದವಾಗಿ ನಿಲ್ಲಿ ಅನ್ನುತ್ತಾರೆ. ಮೊದಲ ನಿಲುವೆಂದರೆ ಹಿಮ್ಮಡಿ ಎರಡೂ ಕೂಡಿಸಿ ಪಾದಗಳನ್ನು ಆಚೀಚೆ ತೆರೆಯುವುದು. ನಾನಾಗಿದ್ದರೆ ಪಾದ ಹಿಡಿದು ತಿರುಗಿಸಿಯೇ ಬಿಡುತ್ತಿದ್ದೆ. ಮೇಡಂ ಅದಕ್ಕೆ ಬಿಡುವುದಿಲ್ಲ. ತಿರುವು ಸೊಂಟದ ಕೀಲಿನಿಂದ ಬರಬೇಕು, ಪಾದದಿಂದ ಎಳೆದರೆ ಮೊಣಕಾಲು ಹಾಳು, ಯಾರದು ಎಷ್ಟು ತೆರೆಯುತ್ತದೋ ಅಷ್ಟೇ ಸಾಕು ಎನ್ನುತ್ತಾರೆ. ಗೋಡೆಯ ಸರಳನ್ನು ಬೆರಳಿನಿಂದ ಮುಟ್ಟಬೇಕಂತೆ, ಜೋತುಬೀಳಬಾರದಂತೆ. ಆಮೇಲೆ ಪ್ಲಿಯೆ, ಅಂದರೆ ಬೆನ್ನು ನೇರ ಇಟ್ಟು ಮೊಣಕಾಲು ಮಡಿಸುವುದು. ಮೊಣಕಾಲು ಪಾದದ ಬೆರಳುಗಳ ನೇರಕ್ಕೇ ಹೋಗಬೇಕು, ಒಳಗೆ ಬೀಳಬಾರದು. ಆಮೇಲೆ ತಾಂದ್ಯು, ಪಾದವನ್ನು ನೆಲಕ್ಕೆ ಒರೆಸಿಕೊಂಡೇ ಮುಂದಕ್ಕೆ ಚಾಚಿ, ಹಿಮ್ಮಡಿ ಎದ್ದು, ಬೆರಳ ತುದಿ ಮಾತ್ರ ನೆಲದಲ್ಲಿ ಉಳಿಯುವ ಹಾಗೆ. ಈ ಎರಡನ್ನೇ ತಿಂಗಳುಗಟ್ಟಲೆ. ಯಾರಿಗಾದರೂ ಎಲ್ಲಾದರೂ ನೋವಾದರೆ ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು, ಇದು ಅವರ ಕಟ್ಟುನಿಟ್ಟು. ನನಗೆ ಇದೆಲ್ಲ ತೀರಾ ಮುದ್ದು ಮಾಡಿದಂತೆ ಕಾಣುತ್ತಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬೆಂಚಿನಲ್ಲಿ ಕೂತು ಗೊಣಗುತ್ತಿದ್ದೆ.

ಹೋದ ವರ್ಷ ಆಗಸ್ಟಿನಲ್ಲಿ ಮೇಡಂ ಹೇಳಿದರು, ಜನವರಿಯಲ್ಲಿ ದೊಡ್ಡ ಮಕ್ಕಳ ಕಾಲು ಪರೀಕ್ಷೆ ಮಾಡುತ್ತೇನೆ, ಗಟ್ಟಿ ಇದ್ದವರಿಗೆ ಮಾತ್ರ ಪಾಯಿಂಟ್ ಶೂ ಎಂದು. ಬೆರಳ ತುದಿಯ ಮೇಲೆ ನಿಲ್ಲುವ, ಮುಂದೆ ಮರದ ಹಾಗೆ ಗಟ್ಟಿಯಾಗಿರುವ ಶೂ ಅದು. ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿಯನ್ನು ಇಪ್ಪತ್ತು ಸಲ ನಿಧಾನವಾಗಿ ಎತ್ತಿ ಇಳಿಸಬೇಕು, ಪಾದ ಆಚೀಚೆ ವಾಲಬಾರದು. ಕಾವ್ಯ ಬಲಗಾಲಿನಲ್ಲಿ ಹದಿನೆಂಟು ಮಾಡುತ್ತಿದ್ದಳು, ಎಡಗಾಲಿನಲ್ಲಿ ಹದಿನಾಲ್ಕು. ಅವಳಿಗೆ ಆ ಶೂ ಮೇಲೆ ಎಷ್ಟು ಆಸೆ ಎಂದರೆ ನಿದ್ದೆಯಲ್ಲೂ ಪಾದ ಚಾಚುತ್ತಿದ್ದಳು. ನಾನು ಲೆಕ್ಕ ಹಾಕಿದೆ. ಪರೀಕ್ಷೆಯ ದಿನವೇ ಮೊದಲ ಸಲ ಹತ್ತುವುದಕ್ಕಿಂತ ಮೊದಲೇ ಮನೆಯಲ್ಲಿ ನಿಂತು ಅಭ್ಯಾಸ ಮಾಡಿದರೆ ಮೇಡಂ ಮೂಗಿನ ಮೇಲೆ ಬೆರಳಿಡುತ್ತಾರೆ ಎಂದು. ದೀಪಾವಳಿ ಕಳೆದ ಮೇಲೆ ಶಶಿಕಿರಣನ ಫೋನಿನಲ್ಲಿ ನಾನೇ ತರಿಸಿದೆ. ಶಾಲೆಗೆ ಅಂತ ಅವನಿಗೆ ಹೇಳಿದೆ. ಆ ಶೂ ಕಾಲಿಗೆ ಚರ್ಮದ ಹಾಗೆ ಕೂರಬೇಕು, ತಿಳಿದವರೇ ಎದುರಿಗೆ ನಿಂತು ಅಳತೆ ನೋಡಬೇಕು ಎಂದು ನನ್ನ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರದಲ್ಲೇ ಬರೆದಿದೆ. ಆದರೂ ಒಂದು ಸೈಜು ದೊಡ್ಡದು ತರಿಸಿದೆ. ಬೆಳೆಯುವ ಮಗು, ವರ್ಷವಾದರೂ ಬರಲಿ. ನಿನಗೂ ಹಾಗೆಯೇ ತಂದುಕೊಟ್ಟವನಲ್ಲವೇ, ಲಂಗದ ಅಂಚು ಎರಡು ಮಡಿಕೆ ಒಳಗೆ ಹೊಲಿಸಿ, ಶೂ ಮುಂದೆ ಕಾಗದ ತುರುಕಿ? ನಮ್ಮಲ್ಲಿ ಯಾವ ಮಗುವಿಗೆ ಅಳತೆಗೆ ಸರಿಯಾಗಿ ಶೂ ಕೊಡಿಸಿದ್ದಾರೆ ಹೇಳು. ಇದಕ್ಕೆ ಹತ್ತಿ ತುರುಕಿದೆ.

ಹಿಂದಿನ ಜಗಲಿಯ ಗೋಡೆಗೆ ನೀರಿನ ಪೈಪು ಹೊಡೆಸಿದ್ದೆನಲ್ಲ, ಅದನ್ನು ಹಿಡಿದು ಸಿಮೆಂಟಿನ ನೆಲದ ಮೇಲೆ ಒಂಬತ್ತು ದಿನ ನಿಲ್ಲಿಸಿದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಹತ್ತಿ ಕುಸಿದ ಹಾಗೆ ಪಾದ ಶೂವಿನೊಳಗೆ ಕೆಳಕ್ಕೆ ಜಗ್ಗುತ್ತಿತ್ತು, ಅದು ನನಗೆ ಹೊರಗಿನಿಂದ ಕಾಣುತ್ತಿರಲಿಲ್ಲ. ನನಗೆ ಕಂಡದ್ದು ಮೊಮ್ಮಗಳು ಬೆರಳ ತುದಿಯಲ್ಲಿ ನಿಂತದ್ದು, ಅಷ್ಟೇ. ಹೆಮ್ಮೆಯಿಂದ ಕಣ್ಣು ತುಂಬಿತು, ಯಾಕೆ ಸುಳ್ಳು ಹೇಳಲಿ. ಅಮ್ಮ ಒಂದು ದಿನ ಅಡುಗೆಮನೆಯಿಂದ ಬಂದು ನೋಡಿ, "ಮಗು ಮುಖ ಬಿಳುಚಿಕೊಂಡಿದೆ, ಬಿಡ್ರಿ ಮಾರಾಯ್ರೆ, ನಿಮ್ ಡ್ರಿಲ್ಲು ಶಾಲೇಲೇ ಬಿಟ್ ಬರ್ಬಾರ್ದಿತ್ತಾ" ಅಂದಳು. ನಾನು ಅವಳನ್ನು ಒಳಗೆ ಕಳಿಸಿದೆ. ಒಂಬತ್ತನೇ ದಿನ ಕಾವ್ಯ ಸರಳು ಹಿಡಿದುಕೊಂಡೇ, "ಅಜ್ಜ, ಪಾದದ ಮೇಲೆ ಒಂದು ಕಡೆ ಚುಳ್ ಅಂತದೆ" ಅಂದಳು. ನಾನು ಏನು ಹೇಳಿದೆ ಗೊತ್ತೇ? ನೋವು ಅಂದರೆ ಮೈ ಕಲಿಯುತ್ತಿದೆ ಎಂದು ಅರ್ಥ ಅಂದೆ. ನೀಲಗಿರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದೆ. ಮೇಡಂ ಕೇಳಿದರೆ ಏನೂ ಇಲ್ಲ ಅನ್ನು ಎಂದು ಹೇಳಿಕೊಟ್ಟೆ.

ನವೆಂಬರ್ ಮೂವತ್ತರ ಶನಿವಾರ. ಪ್ಲಿಯೆ ಹೇಗೋ ಮುಗಿಸಿದಳು. ತಾಂದ್ಯು ಶುರುವಾದ ಮೇಲೆ ಎಡ ಪಾದವನ್ನು ನೆಲಕ್ಕೆ ಒರೆಸಲಾರದೆ ಗಾಳಿಯಲ್ಲೇ ಮುಂದೆ ಇಡುತ್ತಿದ್ದಳು. ಮೇಡಂ ಸಂಗೀತ ನಿಲ್ಲಿಸಿ ಬಂದು ಅವಳನ್ನು ಕೂರಿಸಿ ಶೂ ಬಿಚ್ಚಿದರು. ಬಟ್ಟೆ ಬಿಚ್ಚಿದಾಗ ನೀಲಗಿರಿ ವಾಸನೆ ಬಾಗಿಲವರೆಗೆ ಬಂತು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಪಾದದ ಮೇಲೆ ಬಾವು. ಪಾಯಿಂಟ್ ಶೂ ಹಾಕಿದ್ಯಾ ಎಂದು ಕೇಳಿದರು. ಆ ಹನ್ನೆರಡು ವರ್ಷದ ಮಗು ನನ್ನ ಕಡೆ ಒಂದು ಸಲವೂ ತಿರುಗದೆ, "ಹೂಂ ಮೇಡಂ, ನಾನೇ ಹಾಕ್ಕೊಂಡಿದ್ದು, ಅಜ್ಜಂಗೆ ಗೊತ್ತಿಲ್ಲ" ಅಂದಳು. ಮೇಡಂ ನನ್ನನ್ನು ನೋಡಿದರು. "ಸರ್, ನಿಮಗೆ ಗೊತ್ತಿರ್ಲಿಲ್ವಾ?" ನಾನು ತಲೆಯಾಡಿಸಿದೆ. ಹೌದು ಎಂದೋ ಇಲ್ಲ ಎಂದೋ ನನಗೇ ತಿಳಿಯದ ಹಾಗೆ ಆಡಿಸಿದೆ. ಊರಿನ ಅರ್ಧ ಮಕ್ಕಳಿಗೆ ನೇರ ನಿಲ್ಲು ಎಂದು ಕಲಿಸಿದವನು ಆ ಬೆಂಚಿನಿಂದ ಏಳಲಿಲ್ಲ.

ಕೊಪ್ಪದಲ್ಲೇ ಎಕ್ಸ್‌ರೇ ತೆಗೆಸಿದೆವು. ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಆರು ವಾರ ಆ ಕಾಲಿನ ಮೇಲೆ ಭಾರ ಬೀಳಬಾರದು ಎಂದು ಬೂಟಿನಂಥ ಪಟ್ಟಿ ಕಟ್ಟಿದರು. ಚಿಕ್ಕ ಮಗುವಲ್ಲವೇ, ಬೇಗ ಕೂಡುತ್ತದೆ ಎಂದರು ಡಾಕ್ಟರು. ಮೂಳೆ ಕೂಡುತ್ತದೆ ಸರಿ. ಆದರೆ ಮೇಡಂ ಅವಳನ್ನು ಕ್ಲಾಸಿನಿಂದ ಬಿಡಿಸಿದರು. ಸಿಟ್ಟಿನಿಂದ ಅಲ್ಲ, ಬೇಸರದಿಂದ. "ಹತ್ತು ಮಕ್ಕಳು, ನನಗೆ ಇರೋದು ಎರಡೇ ಕಣ್ಣು. ನೋವನ್ನ ಬಚ್ಚಿಡೋ ಮಗುಗೆ ನಾನು ಕಲಿಸೋಕೆ ಆಗಲ್ಲ ಸರ್, ನನಗೆ ಹೆದರಿಕೆ ಆಗುತ್ತೆ" ಅಂದರು. ಬಸ್ಸಿನಲ್ಲಿ ಬರುವಾಗ ಕಾವ್ಯ ನನ್ನ ಕೈ ಹಿಡಿದುಕೊಂಡು, "ಅಮ್ಮಂಗೆ ಮೆಟ್ಟಿಲಲ್ಲಿ ಜಾರಿದ್ದು ಅಂತ ಹೇಳಾಣ ಅಜ್ಜ" ಎಂದಳು. ಹೇಳೋಣ ಎಂದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವನು ನಾನು, ಉಣ್ಣಲಿಕ್ಕೆ ಕೂತದ್ದು ಅವಳು.

ಆ ಆರು ವಾರ ನಮ್ಮ ಮನೆ ಹೇಗಿತ್ತೆಂದು ಬರೆಯಲು ಪೆನ್ನು ಓಡುವುದಿಲ್ಲ. ಶನಿವಾರ ಮಧ್ಯಾಹ್ನ ಆಗುತ್ತಿದ್ದಂತೆ ಅವಳು ಜಗಲಿಯಲ್ಲಿ ಕೂತು ಕೈಗಳಿಗಷ್ಟೇ ಅಭ್ಯಾಸ ಕೊಡುತ್ತಿದ್ದಳು, ಭುಜ ಇಳಿಸಿ, ಮೊಣಕೈ ಜಾರದಂತೆ. ಅಮ್ಮ ರೂಢಿಯಂತೆ ಬಾಚಣಿಗೆ ಹಿಡಿದು ಬಂದು, ನೆನಪಾಗಿ ಹಿಂದೆ ಹೋಗುತ್ತಿದ್ದಳು. ಒಂದು ದಿನ ಬೀರು ಒರೆಸುವಾಗ ಅಮ್ಮನಿಗೆ ಹತ್ತಿ ತುರುಕಿದ ಆ ಶೂ ಸಿಕ್ಕಿತು. ಕಾವ್ಯ ಮೇಡಂಗೆ ಏನು ಹೇಳಿದ್ದಳೆಂದು ಅವಳಿಗೆ ಗೊತ್ತಿತ್ತು, ಶೂ ತರಿಸಿದ್ದು ಯಾರೆಂದು ಹತ್ತಿ ನೋಡಿ ತಿಳಿಯಿತು. ಅವಳು ಬಯ್ಯಲಿಲ್ಲ ಮಗಳೇ. ನಲವತ್ತೈದು ವರ್ಷದಲ್ಲಿ ಮೊದಲ ಸಲ ಅವಳು ಬಯ್ಯದಿದ್ದುದು ನನಗೆ ಕಷ್ಟವಾಯಿತು. ತಟ್ಟೆ ಬಡಿಸಿ ಪಕ್ಕದಲ್ಲಿ ಕೂತು, "ಆ ಕೂಸು ನಿಮ್ಮ ಹೆಸರು ಉಳಿಸ್ಲಿಕ್ಕೆ ತನ್ನ ಹೆಸರು ಕೆಡಿಸ್ಕಂಡ್ಳು, ನೀವು ಸುಖವಾಗಿ ಉಣ್ತೀರಲ್ಲ" ಎಂದಳು, ಅಷ್ಟೇ. ನಾನು ಅವತ್ತೇ ಕೊಪ್ಪಕ್ಕೆ ಹೋಗಬೇಕಿತ್ತು. ಈ ವಾರ ಹೋಗೋಣ, ಬರುವ ವಾರ ಹೋಗೋಣ ಎನ್ನುತ್ತ ಸಂಕ್ರಾಂತಿ ದಾಟಿಸಿದೆ.

ಮೊನ್ನೆ ಶನಿವಾರ ಒಬ್ಬನೇ ಹೋದೆ. ಅವತ್ತೇ ಪರೀಕ್ಷೆ ಇಟ್ಟಿದ್ದರಂತೆ, ಮೂರು ಹುಡುಗಿಯರು ಆಯ್ಕೆಯಾಗಿ ಕುಣಿದುಕೊಂಡು ಮೆಟ್ಟಿಲಿಳಿದು ಹೋದರು. ಎಲ್ಲರೂ ಹೋಗುವವರೆಗೆ ಕಾದು, ಮೇಡಂ ಎದುರಿಗೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ತರಿಸಿದ್ದು ನಾನು, ಹಾಕಿಸಿದ್ದು ನಾನು, ಬಚ್ಚಿಡಲು ಹೇಳಿಕೊಟ್ಟದ್ದು ನಾನು. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಸರ್, ಚಪ್ಪಲಿ ಬಿಟ್ಟು ಇಲ್ಲಿ ಬನ್ನಿ" ಎಂದು ನನ್ನನ್ನೇ ಸರಳಿನ ಹತ್ತಿರ ನಿಲ್ಲಿಸಿದರು. ಹಿಮ್ಮಡಿ ಕೂಡಿಸಿ ನಿಲ್ಲಿ, ಬೆನ್ನು ನೇರ, ನಿಧಾನವಾಗಿ ಮೊಣಕಾಲು ಮಡಿಸಿ. ಕನ್ನಡಿಯಲ್ಲಿ ನೋಡಿದೆ, ಪಂಚೆಯೊಳಗೆ ನನ್ನ ಎರಡೂ ಮೊಣಕಾಲು ನಡುಗುತ್ತ ಒಳಗೆ ಬೀಳುತ್ತಿದ್ದವು. ಎಷ್ಟು ಸಲ ಮಾಡಿಸಿದರೋ. ಕಡೆಗೆ, "ನೋವಾಗ್ತಿದ್ಯಾ ಸರ್?" ಎಂದು ಕೇಳಿದರು. ಇಲ್ಲ ಎಂದೆ. ಜೀವ ಹೋಗುವಷ್ಟು ನೋವಾಗುತ್ತಿತ್ತು ಮಗಳೇ, ಆದರೂ ಯೋಚನೆ ಮಾಡುವ ಮೊದಲೇ ನಾಲಿಗೆ ಇಲ್ಲ ಅಂದಿತ್ತು. ಮೇಡಂ ನನ್ನ ಮುಖವನ್ನೇ ನೋಡುತ್ತ ನಿಂತರು. ನೋಯ್ತಾ ಇದೆ ಮೇಡಂ ಎಂದು ನಾನು ಹೇಳುವವರೆಗೂ ನೋಡಿದರು. ಹೇಳಿದ ಮೇಲೆ ನನಗೆ ಅಳು ಬಂತು. ಅವರು ಒಂದು ಸ್ಟೂಲು ತಂದು ಕೂರಿಸಿ ನೀರು ಕೊಟ್ಟರು.

ಕಾವ್ಯ ಮಾರ್ಚಿನಲ್ಲಿ ಬರಲಿ ಎಂದಿದ್ದಾರೆ. ಮೆತ್ತನೆ ಶೂವಿನಲ್ಲೇ, ಮೊದಲ ನಿಲುವಿನಿಂದಲೇ, ಚಿಕ್ಕ ಮಕ್ಕಳ ಜೊತೆ. ಈ ವರ್ಷ ಪಾಯಿಂಟ್ ಶೂ ಮಾತೇ ಇಲ್ಲ. ಆದರೆ ಅವರದು ಒಂದು ಷರತ್ತು, ಆವತ್ತು ಹೇಳಿದ್ದು ನಿಜವಲ್ಲ ಎಂದು ಕಾವ್ಯಳೇ ಬಾಯಿಬಿಟ್ಟು ಹೇಳಬೇಕು. ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು, "ಇಲ್ಲ ಅಜ್ಜ, ನಾನೇ ಹಾಕ್ಕೊಂಡಿದ್ದು" ಎಂದು ಒಳಗೆ ಹೋದಳು. ಎಷ್ಟು ಕೇಳಿದರೂ ಅದೇ ಮಾತು. ನಾನು ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಕಲಿತಿದ್ದಾಳೆ. ಭಾನುವಾರ ಫೋನಿನಲ್ಲಿ ನೀನೇ ಅವಳಿಗೆ ಹೇಳು, ಅಜ್ಜ ಎಲ್ಲ ಬರೆದಿದ್ದಾರೆ, ನೀನು ಯಾರನ್ನೂ ಕಾಪಾಡಬೇಕಾಗಿಲ್ಲ ಎಂದು. ನನ್ನ ಮಾತನ್ನು ಅವಳು ಈ ವಿಷಯದಲ್ಲಿ ನಂಬುವುದಿಲ್ಲ, ನಂಬಬಾರದು ಕೂಡ.

ಇನ್ನೇನು ಬರೆಯಲಿ. ನನ್ನ ಮೇಲೆ ಸಿಟ್ಟು ಬಂದರೆ ಇಟ್ಟುಕೊಳ್ಳಬೇಡ, ಉದ್ದದ ಕಾಗದ ಬರೆದು ಬಯ್ಯಿ. ಶಶಿಕಿರಣನಿಗೂ ನಿನ್ನೆ ಹೇಳಿದ್ದೇನೆ, ಅವನು ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಮಗಳ ಪಕ್ಕದಲ್ಲಿ ಹೋಗಿ ಕೂತ. ಅಮ್ಮ ನಿನಗೆ ಬೆಚ್ಚಗೆ ಇರಲು ಹೇಳಿದ್ದಾಳೆ. ಜೊತೆಯ ಹುಡುಗಿಯರಿಗೂ ನನ್ನ ಹಾರೈಕೆ ತಿಳಿಸು. ಕಾವಲಿಗೆ ನಿಂತಲ್ಲೆಲ್ಲ ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಮರುಳಸಿದ್ದಪ್ಪ

ವಿ.ಸೂ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೋದ ಜೂನಿನಲ್ಲಿ ರಜೆಗೆ ಬಂದಾಗ ನೀನು ಬಸ್ಸಿನಿಂದ ಇಳಿದದ್ದನ್ನು ನೋಡಿದೆ. ನೀನು ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಳಿಸಿ, ಕಂಬಿ ಹಿಡಿದು, ಎಡಗಾಲನ್ನು ಪಕ್ಕಕ್ಕೆ ತಂದುಕೊಂಡೆ. ನಾನು ನೋಡದವನ ಹಾಗೆ ನಿನ್ನ ಚೀಲಕ್ಕೆ ಕೈ ಹಾಕಿದೆ. ಗಡಿ ಪಡೆಯ ಆಯ್ಕೆಗೆ ನಾಲ್ಕು ದಿನ ಇರುವಾಗ ಹೈಸ್ಕೂಲು ಮೈದಾನದಲ್ಲಿ ಓಡುತ್ತ ನೀನು ಬಿದ್ದದ್ದು ಬಲ ಮೊಣಕಾಲಿನ ಮೇಲೆ. ಡಾಕ್ಟರು ಕೇಳಿದರೆ ಏನೂ ಇಲ್ಲ ಅನ್ನು ಎಂದು ಆವತ್ತೂ ನಾನೇ ಹೇಳಿಕೊಟ್ಟೆ. ನೀನು ಹಾಗೆಯೇ ಹೇಳಿದೆ, ಓಡಿದೆ, ಆಯ್ಕೆಯಾದೆ, ನಾನು ಊರಿಗೆಲ್ಲ ಸಿಹಿ ಹಂಚಿದೆ. ಹದಿನೈದು ವರ್ಷದಿಂದ ಕೇಳದೆ ಇದ್ದದ್ದನ್ನು ಈಗ ಕೇಳುತ್ತಿದ್ದೇನೆ. ಮೊಣಕಾಲು ನೋಯುತ್ತದೆಯಾ ಮಗಳೇ? ನಿಜ ಬರೆ.